ಅಡ್ಡಸರಳು

ವರ್ಕ್‌ಶಾಪಿನ ಗೇಟಿನ ಎದುರು ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಅವಳು ಇಳಿಯದೆ ಕೂತಿದ್ದಳು. ತಮ್ಮನಿಗೆ ಏನೆಂದು ಹೇಳಬೇಕು ಎನ್ನುವುದು ಇನ್ನೂ ಬಾಯಿಗೆ ಕೂತಿರಲಿಲ್ಲ. 'ತಿರುವಿನಲ್ಲಿ ಕಾರು ಒಂಥರಾ ಆಡುತ್ತೆ' ಎಂದರೆ, ಒಂಥರಾ ಅಂದ್ರೆ ಯಾವ ಥರ ಎಂದು ಕೇಳುತ್ತಾನೆ. ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಅವಳೇ ದಿನವೂ ಇದೇ ಮಾತು ಕೇಳುವವಳು. ಒಂಥರಾ ನೋವು ಎನ್ನುವವರ ಕೈಯನ್ನೋ ಕಾಲನ್ನೋ ಎತ್ತಿ ಹಿಡಿದು ಇಲ್ಲಿಯಾ, ಇಲ್ಲಿಯಾ ಎಂದು ಬೆರಳಿನಿಂದ ಒತ್ತುತ್ತ ಹೋಗುವವಳು. ಅವರು ಸರಿಯಾದ ಜಾಗದಲ್ಲಿ ಮುಖ ಕಿವುಚುವವರೆಗೆ ಬಿಡದವಳು. ಈಗ ತಾನೇ ಇಲ್ಲದ ನೋವಿಗೆ ಜಾಗ ಹುಡುಕುತ್ತ ಕೂತಿದ್ದೇನೆ ಎಂದು ಅವಳಿಗೆ ನಾಚಿಕೆಯಾಯಿತು. ಮೊನ್ನೆ ತಮ್ಮನ ಹೆಂಡತಿ ಫೋನ್ ಮಾಡಿ ದನಿ ತಗ್ಗಿಸಿ ಹೇಳಿದ್ದಳು: "ನಾನು ಹೇಳ್ದೆ ಅನ್ಬೇಡಿ ಅಕ್ಕ. ಕಾರಿನ ನೆಪ ಮಾಡ್ಕೊಂಡು ಒಂದ್ಸಲ ಬನ್ನಿ. ಅವರ ಬಲಗೈ ನೋಡಿ. ನಾನು ಕೇಳಿದ್ರೆ ಏನಿಲ್ಲ ಅಂತ ಎದ್ದು ಹೋಗ್ತಾರೆ. ನೀವು ದಿನಾ ಕೈಕಾಲು ನೋಡೋರು." ನೋಡುತ್ತೇನೆ ಎಂದು ಒಪ್ಪಿಕೊಂಡ ಗಳಿಗೆಯಿಂದಲೂ ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗಾಗಿತ್ತು. ಒಡಹುಟ್ಟಿದವನ ಮನೆಗೆ ಹೋಗಲು ನೆಪ ಬೇಕಾಗುವಷ್ಟು ದೂರ ತಾನು ಯಾವಾಗ ನಡೆದುಬಿಟ್ಟೆ ಎಂದು ಲೆಕ್ಕ ಹಾಕಲು ಹೋಗಿ, ಲೆಕ್ಕ ಸಿಗದೆ, ಬೆಳಿಗ್ಗೆ ರಜೆಯ ದಿನದ ಸೀರೆಯುಟ್ಟು ಹೊರಟುಬಂದಿದ್ದಳು.

ಆದರೆ ಬರುವ ದಾರಿಯಲ್ಲಿ ಒಂದು ವಿಚಿತ್ರ ನಡೆದಿತ್ತು. ಸುಳ್ಳು ದೂರಾದರೂ ಹೇಳಲು ಏನಾದರೂ ಇರಲಿ ಎಂದು ಅವಳು ಕಾರನ್ನು ಗಮನಿಸುತ್ತ ಬಂದಳು, ಮತ್ತು ದೊಡ್ಡ ವೃತ್ತವನ್ನು ಸುತ್ತುವಾಗ ಕಾರಿಗೆ ನಿಜವಾಗಿಯೂ ಏನೋ ಆಗಿದೆ ಎಂಬುದು ತಿಳಿಯಿತು. ಸ್ಟಿಯರಿಂಗ್ ತಿರುಗಿಸಿದಳು, ಮೂತಿ ತಿರುಗಿತು, ಉಳಿದ ಕಾರು ಮಾತ್ರ ಯಾರೋ ಕರೆದದ್ದು ಈಗ ಕೇಳಿಸಿತು ಎನ್ನುವಂತೆ ಒಂದು ಗಳಿಗೆ ತಡೆದು ಆಮೇಲೆ ಬಂತು. ಹಿಂದಿನ ಗಾಜಿನ ಬಾಗಿಲು ಕಿರ್ ಎಂದು ನರಳಿತು. ಆ ಕಿರ್ ಸದ್ದು ಹೊಸದಲ್ಲ, ಎಷ್ಟೋ ವರ್ಷದಿಂದ ಇದ್ದದ್ದೇ. ಅದನ್ನು ಅವಳು ಕಾರಿನ ದನಿ ಎಂದುಕೊಂಡಿದ್ದಳು, ಕಾಯಿಲೆ ಎಂದಲ್ಲ. ಇಷ್ಟು ವರ್ಷ ಡ್ಯೂಟಿಗೆ ಹೋಗಿಬರುತ್ತಿದ್ದ ತನ್ನ ಮೈ ಕೆಳಗೇ ಕಾರು ಸಡಿಲವಾಗುತ್ತ ಬಂದಿತ್ತು, ತಾನು ಪ್ರತಿ ತಿರುವಿಗೂ ತಿಳಿಯದೆಯೇ ಸ್ವಲ್ಪ ಮುಂಚೆ ಕೈ ತಿರುಗಿಸುತ್ತ ಅದಕ್ಕೆ ಹೊಂದಿಕೊಂಡುಬಿಟ್ಟಿದ್ದೆ ಎನ್ನಿಸಿದಾಗ ಅವಳಿಗೆ ಬೇಸರವೂ, ನೆಪ ಸಿಕ್ಕ ಸಣ್ಣ ಸಮಾಧಾನವೂ, ಸಮಾಧಾನವಾಯಿತಲ್ಲ ಎಂಬ ಮುಜುಗರವೂ ಒಟ್ಟಿಗೇ ಬಂದವು.

"ಇಳೀತೀಯೋ, ಇಲ್ಲ ಅಲ್ಲೇ ಮನೆ ಮಾಡ್ತೀಯೋ?"

ತಮ್ಮ ಗೇಟಿನ ಒಂದು ಬಾಗಿಲು ಸರಿಸಿ ನಿಂತಿದ್ದ. ನೀಲಿ ಮೇಲಂಗಿ ಹಳತಾಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಎಡಗೈ ಗೇಟಿನ ಮೇಲೆ, ಬಲಗೈ ಜೇಬಿನೊಳಗೆ. ನೋಡಬಾರದು ಎಂದುಕೊಂಡು ಅವಳು ಅವನ ಮುಖ ನೋಡಿದಳು, ಆದರೆ ಅವನು ಕಾರಿಗೆ ದಾರಿ ತೋರಿಸುತ್ತ ಮುಂದೆ ನಡೆದಾಗ ಕಣ್ಣು ತಾನಾಗಿ ಕೆಳಗಿಳಿಯಿತು. ಹೆಜ್ಜೆ ಗಿಡ್ಡವಾಗಿತ್ತು. ಮೊದಲಾದರೆ ಈ ಶೆಡ್ಡಿನಲ್ಲಿ ಅವನು ಯಾವುದೋ ಅವಸರದ ರೈಲು ಹಿಡಿಯುವವನಂತೆ ಓಡಾಡುತ್ತಿದ್ದ. ಜೇಬಿನಿಂದ ಹೊರಬಂದ ಬಲಗೈ ನಡಿಗೆಗೆ ಬೀಸದೆ ಪಕ್ಕಕ್ಕೆ ಅಂಟಿಕೊಂಡಿತ್ತು, ಮತ್ತು ಅದರ ಹೆಬ್ಬೆರಳು ತೋರುಬೆರಳಿನ ಮೇಲೆ ಕಾಣದ ಕಾಳೊಂದನ್ನು ಉರುಳಿಸುತ್ತಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು. ಹೊರರೋಗಿಗಳ ಸಾಲಿನಲ್ಲಿ ಎಷ್ಟೋ ಸಲ ಕಂಡಿದ್ದ ಕೈ ಅದು. ಬಿದ್ದು ಮಣಿಕಟ್ಟು ಮುರಿದುಕೊಂಡು ಬಂದ ನಡುಕದ ಕಾಯಿಲೆಯವರ ಇನ್ನೊಂದು ಕೈ, ಮುರಿಯದೇ ಇದ್ದ ಕೈ, ತೊಡೆಯ ಮೇಲೆ ಹೀಗೆಯೇ ಕಾಳು ಉರುಳಿಸುತ್ತಿರುತ್ತಿತ್ತು. ಕಾರು ಒಳಗೆ ತಂದು ನಿಲ್ಲಿಸುವಷ್ಟರಲ್ಲಿ ಬಂದ ಕೆಲಸ ಮುಗಿದೇ ಹೋಗಿತ್ತು. ಇನ್ನು ತಿರುಗಿ ಹೋಗಬಹುದಿತ್ತು. ಹೋಗಿ ಯಾರಿಗೆ ಏನು ಹೇಳುವುದು?

"ಏನಾಗಿದೆ ಇದಕ್ಕೆ?" ಎಂದ ತಮ್ಮ.

"ತಿರುಗಿಸಿದ್ರೆ ತಡವಾಗಿ ಬರುತ್ತೆ. ಮುಂದಿನದು ಮೊದಲು, ಹಿಂದಿನದು ಆಮೇಲೆ."

ಅವನು ಹುಬ್ಬೆತ್ತಿದ. "ಪರವಾಗಿಲ್ಲ ಪ್ಲಾಸ್ಟರ್ ಅಕ್ಕ. ರೋಗಿಗಳಿಗಿಂತ ಚೆನ್ನಾಗಿ ಹೇಳ್ತೀಯ."

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುವ ಹೆಸರು ಅದು. ಅವನದ್ದೂ ಒಂದು ಹೆಸರಿತ್ತು, ಬಿಗಿಯಣ್ಣ. ಯಾವ ಗಿರಾಕಿ ಎಂಜಿನ್ನಿಗೆ ಜಾಸ್ತಿ ಶಕ್ತಿ ಬೇಕು ಎಂದು ಬಂದರೂ 'ಮೊದಲು ಮೈ ಬಿಗಿ ಮಾಡ್ಸು, ಆಮೇಲೆ ಓಟ' ಎಂದು ಹಿಂದಕ್ಕೆ ಕಳಿಸುತ್ತಿದ್ದ. ಸಣ್ಣ ಕಾರುಗಳ ಹುಚ್ಚಿದ್ದವರೆಲ್ಲ ಒಂದು ಕಾಲದಲ್ಲಿ ಈ ಶೆಡ್ಡಿನ ಮುಂದೆ ಸಾಲುಗಟ್ಟುತ್ತಿದ್ದರು. ಇವತ್ತು ಒಂದೂ ಕಾರಿರಲಿಲ್ಲ. ವೆಲ್ಡಿಂಗ್ ಯಂತ್ರದ ಮೇಲೆ ಗೋಣಿಚೀಲ ಹೊದಿಸಿತ್ತು, ಅದರ ಮೇಲೆ ಧೂಳು. ಅವನು ಬಾನೆಟ್ಟಿನ ಮೂಲೆಗೆ ಎಡಗೈ ಊರಿ ಒತ್ತಿ ಬಿಟ್ಟ, ಕಾರು ಒಂದು ಸಲ ತಗ್ಗಿ ಎದ್ದು ಸುಮ್ಮನಾಯಿತು. ಜಾಕ್ ಕೊಟ್ಟು ಚಕ್ರ ಹಿಡಿದು ಅಲುಗಿಸಿದ. ಅಡಿಗೆ ತೂರಿ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದ. ಅವಳು ಸ್ಟೂಲಿನ ಮೇಲೆ ಕೈಚೀಲ ತೊಡೆಯಲ್ಲಿಟ್ಟುಕೊಂಡು, ರಿಪೋರ್ಟಿಗೆ ಕಾಯುವ ಹೆಂಗಸಿನಂತೆ ಕೂತಿದ್ದಳು. ಅಷ್ಟರಲ್ಲಿ ಹಾಲಿನ ವ್ಯಾನಿನ ಡ್ರೈವರೊಬ್ಬ ಮುರಿದ ಕಬ್ಬಿಣದ ಪಟ್ಟಿಯೊಂದನ್ನು ಹಿಡಿದು ಬಂದ. ಒಂದು ಬೆಸುಗೆ ಹಾಕಿಕೊಡಿ, ಐದು ನಿಮಿಷದ ಕೆಲಸ ಎಂದ. ತಮ್ಮ ಕಾರಿನ ಅಡಿಯಿಂದಲೇ "ವೆಲ್ಡಿಂಗ್ ಬಿಟ್ಟಿದೀನಪ್ಪ, ಕಣ್ಣಿಗೆ ಆಗಲ್ಲ" ಎಂದ. ಡ್ರೈವರಿಗೆ ನಂಬಿಕೆಯಾಗಲಿಲ್ಲ. "ಹೋದ ಸಲ ನೀವು ಹಾಕಿದ್ದು ಇನ್ನೂ ಕಲ್ಲಿನ ಹಾಗಿದೆ. ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ." "ಹಿಂದಿನ ಬೀದೀಲಿ ಒಬ್ಬರಿದಾರೆ, ಚೆನ್ನಾಗಿ ಮಾಡ್ತಾರೆ" ಎಂದ ತಮ್ಮ. ಡ್ರೈವರ್ ಅವಳತ್ತ ನೋಡಿ, ನೀವಾದರೂ ಹೇಳಿ ಎಂಬಂತೆ ನಿಂತು, ಹೊರಟುಹೋದ. ಕಾರಿನ ಅಡಿಯ ಟಾರ್ಚಿನ ಬೆಳಕು ಒಂದೇ ಕಡೆ ನಿಂತಿತ್ತು. ಆಮೇಲೆ ಆ ಬೆಳಕಿನ ಅಂಚು ನೆಲದ ಮೇಲೆ ಸಣ್ಣಗೆ, ಒಂದೇ ಲಯದಲ್ಲಿ ಅಲುಗತೊಡಗಿತು. ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಹೊರಗೆ ಬಂದವನು ಕೈ ಒರೆಸಿಕೊಳ್ಳುತ್ತ ಹೇಳಿದ: "ಟೈರು ಚೆನ್ನಾಗಿದೆ. ಶಾಕು, ಬುಷ್ಷು ಎಲ್ಲ ನಾನೇ ಹಾಕಿದ್ದು, ಅದರಲ್ಲಿ ದೋಷ ಇಲ್ಲ. ಇದು ಮೈಯದು."

"ಮೈಯದು ಅಂದ್ರೆ?"

"ತಗಡಿಗೂ ವಯಸ್ಸಾಗುತ್ತೆ ಅಕ್ಕ." ಅವನು ಬಾನೆಟ್ ಎತ್ತಿ, ಎಂಜಿನ್ನಿನ ಎರಡು ಪಕ್ಕದಲ್ಲಿ ಉಬ್ಬಿ ನಿಂತಿದ್ದ ಎರಡು ಗುಮ್ಮಟಗಳನ್ನು ಎಡಗೈಯಿಂದ ತಟ್ಟಿ ತೋರಿಸಿದ. "ಚಕ್ರದ ಸ್ಪ್ರಿಂಗ್ ಮೇಲೆ ಬಂದು ಕಚ್ಕೊಳ್ಳೋದು ಇಲ್ಲಿ. ನೀನು ತಿರುಗಿಸ್ದಾಗ ಭಾರ ಎಲ್ಲ ಒಂದರ ಮೇಲೆ ಬೀಳುತ್ತೆ, ಅದು ಒಳಗೆ ವಾಲುತ್ತೆ. ಇನ್ನೊಂದಕ್ಕೆ ಗೊತ್ತೇ ಆಗಲ್ಲ. ಒಂದೇ ಮನೇಲಿದ್ದು ಮಾತು ಬಿಟ್ಟವರ ಥರ. ಎರಡರ ನಡುವೆ ಅಡ್ಡ ಒಂದು ಸರಳು ಬಿಗಿದ್ರೆ, ಒಬ್ಬರಿಗೆ ಬಿದ್ದ ಭಾರ ಇನ್ನೊಬ್ಬರಿಗೂ ತಟ್ಟುತ್ತೆ. ಆಗ ಮೂತಿ ಹೇಳಿದ ಕಡೆ ಹೋಗುತ್ತೆ."

"ಅದು ಎಲ್ಲಿ ಸಿಗುತ್ತೆ? ಈ ಕಾರಿನ ಸಾಮಾನು ಬರೋದೇ ನಿಂತು ಎಷ್ಟು ಕಾಲವಾಯ್ತು."

ಅವನು ಒಳಗೋಡೆಯ ಹತ್ತಿರ ಹೋಗಿ, ಹಳೆಯ ಬೆಲ್ಟುಗಳು ನೇತುಬಿದ್ದಿದ್ದ ಮೊಳೆಗಳ ಹಿಂದಿನಿಂದ ಉದ್ದನೆಯದೊಂದನ್ನು ಎಳೆದು ತಂದ. ಕೊಳವೆಯಂಥ ಸರಳು, ಎರಡು ತುದಿಗೂ ತೂತಿದ್ದ ದಪ್ಪ ತಟ್ಟೆ. ಬಟ್ಟೆಯಲ್ಲಿ ಉಜ್ಜಿದಾಗ ಧೂಳಿನಡಿಯಿಂದ ಕೆಂಪು ಬಣ್ಣ ಎದ್ದಿತು. ಅವಳಿಗೆ ಆ ಕೆಂಪು ಗುರುತು ಸಿಕ್ಕಿತು. ಮನೆಯ ಮೆಟ್ಟಿಲ ಮೇಲೆ ಅವಳು ತಲೆ ಒಣಗಿಸಿಕೊಳ್ಳುತ್ತ ಕೂತಿದ್ದಳು, ತಮ್ಮ ತರಬೇತಿ ಶಾಲೆಯಿಂದ ಸೈಕಲ್ಲಿನ ಮೇಲೆ ಇದನ್ನು ಅಡ್ಡಡ್ಡ ಹಿಡಿದು ತಂದಿದ್ದ, ಬಣ್ಣ ಇನ್ನೂ ಆರಿರಲಿಲ್ಲ, ಅಂಗಿಗೆಲ್ಲ ಕೆಂಪು. ಆಗ ಅವನಿಗೆ ಮೀಸೆ ಬರುತ್ತಿತ್ತು. ಊರ ಹೊರಗಿನ ಖಾಲಿ ಬಯಲಿನಲ್ಲಿ ಕಂಬಗಳನ್ನು ನೆಟ್ಟು ಸಣ್ಣ ಕಾರುಗಳನ್ನು ಸುತ್ತು ಹಾಕಿಸುವ ಪಂದ್ಯ ನಡೆಯುತ್ತಿತ್ತು, ಅದರಲ್ಲಿ ಆಗ ಅಪ್ಪನದಾಗಿದ್ದ ಇದೇ ಕಾರನ್ನು ಓಡಿಸಬೇಕೆಂದು ಅವನ ಆಸೆ. ಅಪ್ಪ ಕನ್ನಡಕದ ಚೌಕಟ್ಟುಗಳನ್ನು ಊರೂರಿನ ಅಂಗಡಿಗಳಿಗೆ ಮಾರುತ್ತಿದ್ದವರು. ಕಾರು ಅವರ ಅಂಗಡಿ, ಅವರ ಆಫೀಸು, ಅವರ ಮಧ್ಯಾಹ್ನದ ನಿದ್ದೆಯ ಹಾಸಿಗೆ. ಸರಳನ್ನು ಒಮ್ಮೆ ನೋಡಿ, ಮಗನ ಅಂಗಿಯನ್ನು ಒಮ್ಮೆ ನೋಡಿ, "ನನ್ನ ಕಾರಿಗೆ ತೂತು ಕೊರೆಯೋನು ಇನ್ನೂ ಹುಟ್ಟಿಲ್ಲ" ಎಂದಿದ್ದರು. ಅವಳು ನಕ್ಕಿದ್ದಳು. ಅಷ್ಟೇ. ತಲೆ ಒಣಗಿಸಿಕೊಳ್ಳುತ್ತ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ನಕ್ಕ ಆ ನಗು ಈಗ ಈ ತಗಡಿನ ಶೆಡ್ಡಿನಲ್ಲಿ ಬೇರೆ ಯಾರೋ ನಕ್ಕಂತೆ ಕೇಳಿಸಿತು. ಆಮೇಲೆ ಅಪ್ಪನ ಕಣ್ಣು ಮಂಜಾಗಿ, ಕನ್ನಡಕ ಮಾರಿದವರಿಗೇ ಯಾವ ಕನ್ನಡಕವೂ ಹತ್ತದೇ ಹೋದಾಗ, ಒಂದು ಭಾನುವಾರ ಊಟದ ಮೇಜಿನಲ್ಲಿ ಕಾರಿನ ಕೀಲಿಯನ್ನು ಅವಳ ಅಂಗೈಗೆ ಹಾಕಿದರು. ಇವಳ ಡ್ಯೂಟಿ ಹೊತ್ತಲ್ಲದ ಹೊತ್ತಿನಲ್ಲಿ, ಬಸ್ಸಿಗೆ ಕಾಯೋದು ಬೇಡ ಎಂದರು. ತಮ್ಮ ನೀರಿನ ಲೋಟ ತುಂಬಿಸುತ್ತಿದ್ದ. "ಒಳ್ಳೇದೇ ಆಯ್ತು. ಸರ್ವಿಸ್ ನಾನೇ ಮಾಡ್ತೀನಿ" ಎಂದ. ಮಾಡಿದ ಕೂಡ, ಇಷ್ಟು ವರ್ಷ, ಒಂದು ದಿನ ಬೇಸರದ ಮಾತಾಡದೆ. ಆ ಭಾನುವಾರ ಅವನ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಅವಳು ಯತ್ನಿಸಿದಳು. ನೆನಪಾದದ್ದು ಲೋಟ ಮಾತ್ರ, ತುಂಬಿದ ಮೇಲೂ ಒಂದು ಹನಿ ಚೆಲ್ಲದ ಅವನ ಕೈ ಮಾತ್ರ.

"ಇದನ್ನ ಇಟ್ಕೊಂಡಿದ್ಯಾ?"

"ಚೆನ್ನಾಗಿರೋ ಕಬ್ಬಿಣ, ಬಿಸಾಕೋಕೆ ಮನಸ್ಸು ಬರ್ಲಿಲ್ಲ." ಅವನು ಸರಳನ್ನು ಗುಮ್ಮಟಗಳ ಮೇಲೆ ಅಡ್ಡ ಇಟ್ಟ. "ಗೊತ್ತಾ ಅಕ್ಕ, ಒಂದು ತೂತೂ ಕೊರೀಬೇಕಾಗಿರ್ಲಿಲ್ಲ. ಮೊದಲೇ ಇರೋ ಬೋಲ್ಟಿನ ಮೇಲೇ ಕೂರೋ ಹಾಗೆ ಮಾಡಿದ್ದೆ. ಅಪ್ಪನಿಗೆ ಅದನ್ನ ಹೇಳೋಕೆ ಹೋದೆ. ಕೇಳಿಸ್ಕೊಳ್ಳೋರಾ ಅವರು."

ಅವನು ನಗುತ್ತ ಹೇಳಿದ. ಅವಳಿಗೆ ನಗು ಬರಲಿಲ್ಲ.

ಸರಳು ಕೂರಲಿಲ್ಲ. ಒಂದು ತುದಿ ಸರಿಯಾಗಿ ಬೋಲ್ಟಿಗೆ ಇಳಿಯಿತು, ಇನ್ನೊಂದು ತುದಿಯ ತೂತು ಅಕ್ಕಿಕಾಳಿನಷ್ಟು ಆಚೆ ನಿಂತಿತು. ಸರಳು ಮಾಡಿದಾಗ ಕಾರಿನ ಮೈ ಇನ್ನೂ ಗಟ್ಟಿಯಿತ್ತು. ಅಷ್ಟು ಕಾಲದಲ್ಲಿ ಗುಮ್ಮಟಗಳು ಒಂದರ ಕಡೆಗೊಂದು ವಾಲಿದ್ದವು. ಅವನು ಅದನ್ನು ನೋಡುತ್ತ ನಿಂತು "ನೋಡು ಹೆಂಗೆ ಮುದುಡ್ಕೊಂಡಿದೆ" ಎಂದ, ಬೇಸರದಿಂದಲ್ಲ, ಹಳೆಯ ಪರಿಚಯದವರನ್ನು ಬೀದಿಯಲ್ಲಿ ಕಂಡು ಗುರುತಿಸುವಂತೆ. ತೂತನ್ನು ಸ್ವಲ್ಪ ಉದ್ದ ಮಾಡಿದರೆ ಸಾಕಾಗಿತ್ತು. ಸರಳನ್ನು ಮೇಜಿನ ಅಂಚಿನ ವೈಸಿನ ದವಡೆಗೆ ಕಚ್ಚಿಸಿ, ದುಂಡನೆಯ ಅರ ತೆಗೆದುಕೊಂಡು ಉಜ್ಜತೊಡಗಿದ. ಮೊದಲ ನಾಲ್ಕೈದು ಎಳೆತ ನೀಳವಾಗಿ, ಅವನದೇ ಎಳೆತದಂತೆ ಬಂದವು. ಆಮೇಲಿನದು ಸ್ವಲ್ಪ ಗಿಡ್ಡ. ಅದರಾಚೆಯದು ಇನ್ನೂ ಗಿಡ್ಡ. ಕೊನೆಗೆ ಅರ ಇದ್ದಲ್ಲೇ ಮಿಸುಕುತ್ತ ನಿಂತುಹೋಯಿತು, ಮತ್ತು ಅವನು ಅದನ್ನು ಎತ್ತಲೂ ಆಗದೆ ಮುಂದೂಡಲೂ ಆಗದೆ ತನ್ನ ಕೈಯನ್ನೇ ನೋಡುತ್ತಿದ್ದ. ಶೆಡ್ಡಿನ ತಗಡು ಬಿಸಿಲಿಗೆ ಟಿಕ್ಕೆಂದಿತು. ಅವಳು ಕೈಚೀಲದಲ್ಲಿ ಏನೋ ಹುಡುಕುವವಳಂತೆ ಮಾಡಿದಳು. 

"ನೀನು ಮಾಡ್ತೀಯಾ?" ಎಂದ ತಮ್ಮ.

ತನ್ನ ಉಪಕರಣವನ್ನು ಬೇರೆಯವರು ಮುಟ್ಟಿದರೆ ಸಿಡಿಯುತ್ತಿದ್ದವನು. ಅವಳು ಎದ್ದು ಬಂದು ಅರ ತೆಗೆದುಕೊಂಡಳು. ಹಿಡಿ ಅವನ ಬೆವರಿನಿಂದ ಒದ್ದೆಯಾಗಿತ್ತು. "ಉದ್ದಕ್ಕೆ ಉಜ್ಜು, ಅಗಲಕ್ಕೆ ಬೇಡ. ಹೋಗ್ತಾ ಒತ್ತು, ಬರ್ತಾ ಬಿಡು." ಪ್ಲಾಸ್ಟರ್ ಕತ್ತರಿಸಿ ಕತ್ತರಿಸಿ ಪಳಗಿದ ಅವಳ ಕೈಗೆ ಲಯ ಬೇಗ ಸಿಕ್ಕಿತು. ಹೋಗುತ್ತ ಒತ್ತು, ಬರುತ್ತ ಬಿಡು. ಕಬ್ಬಿಣದ ಹುಡಿ ಸೀರೆಯ ನೆರಿಗೆಗೆ ಉದುರುತ್ತಿತ್ತು, ಆ ಲಯದಲ್ಲೇ ಅವಳಿಗೆ ಬಾಲ್ಯ ನೆನಪಾಯಿತು: ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಅವರಿಬ್ಬರ ನಡುವೆ ಚೌಕಟ್ಟುಗಳ ಪೆಟ್ಟಿಗೆಗಳು ಕಿಣಿಕಿಣಿ ಎನ್ನುತ್ತಿದ್ದವು. ಶಾಲೆಯ ರಜೆ. ಅಪ್ಪ ಅಮ್ಮನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಮಾರಾಟಕ್ಕೆ ಹೊರಟಿದ್ದಾರೆ. ಕಣಿವೆಯ ರಸ್ತೆ ಬಂದರೆ ಅಮ್ಮ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚುತ್ತಾಳೆ, ಅಪ್ಪ ಪ್ರತಿ ತಿರುವಿಗೂ ಮುಂಚೆ 'ಎಡಾ' ಎಂದೋ 'ಬಲಾ' ಎಂದೋ ರಾಗವಾಗಿ ಕೂಗುತ್ತಾರೆ, ಕಾರು ವಾಲುತ್ತದೆ, ಪೆಟ್ಟಿಗೆಗಳು ಜಾರುತ್ತವೆ, ತಮ್ಮ ಬಂದು ಅವಳ ಹೆಗಲಿಗೆ ಬೀಳುತ್ತಾನೆ. ಮುಂದಿನ ತಿರುವಿಗೆ ಅವಳು ಅವನ ಮೇಲೆ. ಬೀಳಲೇಬೇಕು ಎಂದೇನೂ ಇರಲಿಲ್ಲ, ಹಿಡಿದುಕೊಳ್ಳಲು ಹಿಡಿ ಇತ್ತು, ಆದರೆ ಇಬ್ಬರೂ ಹಿಡಿಯುತ್ತಿರಲಿಲ್ಲ. ಪೆಟ್ಟಿಗೆಯೊಂದು ಬಿಚ್ಚಿಕೊಂಡು ಕಣ್ಣಿಲ್ಲದ ಕನ್ನಡಕಗಳೆಲ್ಲ ಚೆಲ್ಲಾಡಿದ ಸಲ ತಮ್ಮ ಒಂದರ ಮೇಲೊಂದು ನಾಲ್ಕು ಚೌಕಟ್ಟು ಏರಿಸಿಕೊಂಡು, ನನಗೆ ಈಗ ನಾಳೆಯೂ ಕಾಣುತ್ತಿದೆ ಎಂದಿದ್ದ. ನಾಳೆ ಏನಿದೆ ಎಂದು ಅಪ್ಪ ಕನ್ನಡಿಯಲ್ಲಿ ನೋಡಿ ಕೇಳಿದ್ದರು. ಅವನು ಏನು ಹೇಳಿದ್ದ? ಏನೋ ಹೇಳಿ ಎಲ್ಲರನ್ನೂ ನಗಿಸಿದ್ದ, ಅಮ್ಮ ಕಣ್ಣು ತೆರೆದು ನಕ್ಕಿದ್ದಳು.

"ಸಾಕು ಸಾಕು. ಪೂರ್ತಿ ತಿಂದುಹಾಕ್ಬೇಡ" ಎಂದ ತಮ್ಮ.

ಈ ಸಲ ಸರಳು ಎರಡು ತುದಿಗೂ ಇಳಿದು ಕೂತಿತು. ನಟ್ಟುಗಳನ್ನು ಅವನು ಎಡಗೈಯಿಂದ ತಿರುಗಿಸಿ ಹಿಡಿಸಿದ, ಕೊನೆಯ ಬಿಗಿಗೆ, ಬೇಕಾದಷ್ಟು ಬಿಗಿಯಾದ ಕೂಡಲೇ ಸದ್ದು ಮಾಡುವ ಅಳತೆಯ ಪಾನಾ ಅವಳ ಕೈಗೆ ಕೊಟ್ಟ. "ಒಂದೇ ಕಡೆ ಪೂರ್ತಿ ಬೇಡ. ಇದು ಸ್ವಲ್ಪ, ಅದು ಸ್ವಲ್ಪ. ಟಿಕ್ ಅಂದ ಮೇಲೆ ಕೂದಲಷ್ಟೂ ಎಳೀಬೇಡ. ಜಾಸ್ತಿ ಬಿಗಿದ್ರೆ ಬೋಲ್ಟಿನ ಕತ್ತೇ ಮುರಿಯುತ್ತೆ." ಅವಳು ಎಳೆದಳು. ಪಾನಾ ಒಳಗೆ ಸಣ್ಣ ಮೂಳೆ ಜಾಗಕ್ಕೆ ಕೂತಂತೆ ಟಿಕ್ ಎಂದಿತು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮತ್ತು ಯಾವುದೋ ಕಾರಣಕ್ಕೆ ಅದು ಬಹಳ ಸಂತೋಷದ ಸದ್ದಾಗಿತ್ತು. ಎಲ್ಲ ಮುಗಿದ ಮೇಲೆ ಅವನು ಕಾರಿನ ಹಿಂಭಾಗದ ಕಡೆ ನಡೆದು, ಒಳಗೆ ಬಗ್ಗಿ, ಹಿಂದಿನ ಚಕ್ರಗಳ ಮೇಲಿನ ಜಾಗವನ್ನು ಗೇಣಿನಲ್ಲಿ ಅಳೆದ. "ನ್ಯಾಯವಾಗಿ ಇಲ್ಲೂ ಒಂದು ಬೇಕು. ಆದ್ರೆ ಅದನ್ನ ಹೊಸದಾಗಿ ಮಾಡ್ಬೇಕು, ಅದಕ್ಕೆ ವೆಲ್ಡಿಂಗ್..." ಅಲ್ಲಿಗೆ ನಿಲ್ಲಿಸಿ, ಗಾಜಿನ ಬಾಗಿಲನ್ನು ಅಗತ್ಯಕ್ಕಿಂತ ಮೆಲ್ಲಗೆ ಮುಚ್ಚಿದ. "ನಡಿ, ನೀರಿನ ಟ್ಯಾಂಕಿನ ಗುಡ್ಡದವರೆಗೆ ಹೋಗಿ ನೋಡೋಣ. ನೀನೇ ಓಡ್ಸು."

ಯಾರ ಕಾರು ರಿಪೇರಿಯಾದರೂ ಮೊದಲು ತಾನು ಓಡಿಸಿ ನೋಡದೆ ಬಿಡದವನು ಪಕ್ಕದ ಸೀಟಿಗೆ ಹೋಗಿ ಕೂತ. ಊರು ದಾಟಿ ಗುಡ್ಡದ ರಸ್ತೆ ಹಿಡಿದರು. ಮೊದಲ ತಿರುವಿಗೆ ಅವಳು ಅಭ್ಯಾಸಬಲದಿಂದ ಮುಂಚೆಯೇ ಕೈ ತಿರುಗಿಸಿದಳು, ಕಾರು ಗಬಕ್ಕನೆ ಒಳಕ್ಕೆ ಬಂದು ರಸ್ತೆಯಂಚಿನ ಕಲ್ಲಿಗೆ ಹತ್ತಿರವಾಯಿತು. "ತಡಿ. ಅದಕ್ಕಿನ್ನು ಅಷ್ಟು ಮುಂಚೆ ಹೇಳ್ಬೇಕಾಗಿಲ್ಲ" ಎಂದ ತಮ್ಮ. ಎರಡನೆಯದಕ್ಕೆ ಅವಳು ಕಾದಳು. ತಿರುವು ಬಂದ ಮೇಲೆ ತಿರುಗಿಸಿದಳು. ಮೂತಿ, ಮೈ, ಬಾಲ ಎಲ್ಲ ಒಂದೇ ಮಾತಿಗೆ ಬಂದವು. ಮೂರನೆಯದಕ್ಕೆ ಅವಳ ತುಟಿಯ ಮೇಲೆ ನಗುವಿತ್ತು. ಆದರೆ ರಸ್ತೆಯ ಒಂದೊಂದು ಹರಳೂ ಈಗ ಕೈಗೆ ತಟ್ಟುತ್ತಿತ್ತು, ಮೊದಲು ಕಾರೇ ನುಂಗಿಕೊಳ್ಳುತ್ತಿದ್ದ ಸಣ್ಣ ಕುಳಿಗಳು ಬೆನ್ನಿಗೆ ಬಡಿಯುತ್ತಿದ್ದವು. "ಗಟ್ಟಿಯಾಯ್ತಲ್ಲ?" ಎಂದ ಅವನು. "ಬಿಗಿ ಬೇಕು ಅಂದ್ರೆ ಅದನ್ನೂ ತಡ್ಕೋಬೇಕು. ಯಾವ ಕಲ್ಲೂ ಗೊತ್ತಾಗದೆ ಹೋಗಲ್ಲ ಇನ್ನು."

ಟ್ಯಾಂಕಿನ ಬೇಲಿಯ ಹತ್ತಿರ ಅವಳು ಕಾರು ನಿಲ್ಲಿಸಿದಳು. ಕೆಳಗೆ ಊರು ಮಧ್ಯಾಹ್ನದ ಬಿಸಿಲಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಎಂಜಿನ್ ಆರಿದ ಮೌನದಲ್ಲಿ ತಮ್ಮ ಎದುರಿನ ಗಾಜನ್ನು ನೋಡುತ್ತಲೇ ಕೇಳಿದ: "ಅವಳು ಫೋನ್ ಮಾಡಿದ್ಲು, ಅಲ್ವಾ?"

"ಕಾರು ನಿಜವಾಗ್ಲೂ..."

"ಕಾರು ನಿಜವಾಗ್ಲೂ ಸಡಿಲ ಆಗಿತ್ತು. ಅದು ಆಗಿ ಎಷ್ಟೋ ವರ್ಷ ಆಯ್ತು. ಪ್ರತಿ ಸರ್ವಿಸಿಗೂ ನೋಡ್ತಿದ್ದೆ. ನೀನಾಗಿ ಕೇಳ್ಲಿ ಅಂತ ಸುಮ್ಮನಿದ್ದೆ." ಅವನು ಬಲಗೈಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡಿದ್ದ. "ನೋಡಿದ್ಯಾ?"

"ನೋಡ್ದೆ."

"ಏನದು?"

"ನಾನು ಡಾಕ್ಟರಲ್ಲ ಕಣೋ."

"ಡಾಕ್ಟರನ್ನ ಕೇಳ್ತಿಲ್ಲ. ನಿನ್ನ ಕೇಳ್ತಿದೀನಿ."

ರೋಗಿಗಳಿಗೆ ಹೇಳುವ ಮಾತುಗಳು ಅವಳ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ವಯಸ್ಸಾಗ್ತಾ ಇದೆಲ್ಲ ಇದ್ದದ್ದೇ. ನಿದ್ದೆ ಕಡಿಮೆಯಾದರೂ ಹೀಗಾಗುತ್ತೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಇಂಥ ಮಾತುಗಳನ್ನು ಅವಳು ಎಷ್ಟು ಸಲೀಸಾಗಿ ಆಡುತ್ತಿದ್ದಳೆಂದರೆ, ಅವು ಮನುಷ್ಯರಿಗೆ ಎಲ್ಲಿ ಹೋಗಿ ತಟ್ಟುತ್ತವೆ ಎಂದು ಯೋಚಿಸಿಯೇ ಇರಲಿಲ್ಲ. ಅವಳು ಸ್ಟಿಯರಿಂಗ್ ಬಿಟ್ಟು ಕೈ ತೊಡೆಯ ಮೇಲಿಟ್ಟುಕೊಂಡಳು.

"ನರದ ಡಾಕ್ಟರಿಗೆ ತೋರಿಸ್ಬೇಕು. ನನಗೆ ಭಯ ಆಗಿದೆ."

ಅವನು ತಲೆಯಾಡಿಸಿದ. ಎಂಜಿನ್ನಿನ ಸದ್ದಿನಿಂದ ತಾನು ಆಗಲೇ ತಿಳಿದುಕೊಂಡದ್ದನ್ನು ಗಿರಾಕಿಯ ಬಾಯಲ್ಲಿ ಕೇಳುವಾಗ ಹೀಗೆಯೇ ತಲೆಯಾಡಿಸುತ್ತಿದ್ದ. "ನನಗೂ ಆಗಿದೆ" ಎಂದ. "ಹೋಗಿ ಒಂದು ಹೆಸರು ಕೇಳಿಸ್ಕೊಂಡು ಬಂದೆ ಅಂದ್ಕೋ. ಆಮೇಲೆ ಬರೋರೆಲ್ಲ ನನ್ನ ಕೈ ನೋಡ್ತಾರೆ, ಕೆಲಸ ನೋಡಲ್ಲ. ಈಗ ಕಣ್ಣಿಗಾಗಲ್ಲ ಅಂತ ಹೇಳ್ಕೊಂಡು ದಿನ ತಳ್ತಿದೀನಿ. ಕಣ್ಣು ಗಿಡುಗದ ಥರ ಇದೆ ನಂದು."

ಅವಳು ಏನಾದರೂ ಹೇಳಬೇಕಿತ್ತು. ಔಷಧಿಗಳಿವೆ ಎನ್ನಬೇಕಿತ್ತು, ಬೇಗ ಹೋದಷ್ಟೂ ಒಳ್ಳೆಯದು ಎನ್ನಬೇಕಿತ್ತು, ಅವೆಲ್ಲ ನಿಜವೂ ಆಗಿದ್ದವು. ಅದರ ಬದಲು ಮೆಟ್ಟಿಲ ಮೇಲೆ ನಕ್ಕದ್ದು, ಅಂಗೈಗೆ ಬಿದ್ದ ಕೀಲಿಯನ್ನು ಮಡಚಿಕೊಂಡದ್ದು, ಎರಡೂ ಬಾಯಿಗೆ ಬಂದವು. ಅವನ್ನು ಈಗ ಹೊರಹಾಕಿದರೆ ತನಗೆ ಹಗುರವಾಗುತ್ತದೆ, ಅವನು ಮತ್ತೆ 'ಅಯ್ಯೋ ಬಿಡಕ್ಕ' ಎಂದು ತನ್ನನ್ನೇ ಸಮಾಧಾನ ಮಾಡಬೇಕಾಗುತ್ತದೆ. ಅಷ್ಟು ಕೆಲಸವನ್ನೂ ಅವನ ಮೇಲೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಬಾಗಿಲು ತೆರೆದು ಇಳಿದು, ಕಾರನ್ನು ಸುತ್ತಿಕೊಂಡು ಅವನ ಕಡೆಯ ಬಾಗಿಲ ಹತ್ತಿರ ಬಂದು ನಿಂತಳು.

"ಇಳೀವಾಗ ನೀನು ಓಡ್ಸು."

"ಓಡ್ಸಿ ಬಹಳ ದಿನ ಆಯ್ತು."

"ರಸ್ತೆ ಖಾಲಿ ಇದೆ."

"ನಿನಗೆ ಹೆದರಿಕೆ ಆಗಲ್ವಾ?"

"ಆಗುತ್ತೆ. ಓಡ್ಸು."

ಅವನು ಸೀಟನ್ನು ಹಿಂದಕ್ಕೆ ಸರಿಸಿ, ಕನ್ನಡಿ ಸರಿ ಮಾಡಿ, ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲಿಟ್ಟ. ಬಲಗೈ ಅಲ್ಲಿಯೂ ಕಾಳು ಉರುಳಿಸುತ್ತಿತ್ತು. ಕಾರು ಇಳಿಜಾರಿಗೆ ಮೂತಿ ಹಾಕಿದ ಮೇಲೆ, ಮೊದಲ ತಿರುವಿಗೆ ಆ ಕೈ ಕೆಲಸಕ್ಕೆ ಎದ್ದಾಗ, ಅದು ನಿಂತಿತು. ಅವಳು ಕಣ್ಣೆವೆಯಿಕ್ಕದೆ ನೋಡುತ್ತಿದ್ದಳು. ನೋಡಬಾರದೆಂಬ ನಾಚಿಕೆ ಈಗಿರಲಿಲ್ಲ. ಕೈ ಚಕ್ರದ ಮೇಲೆ ಜಾರಿ, ಹಿಡಿದು, ಬಿಟ್ಟುಕೊಟ್ಟು, ಮತ್ತೆ ಹಿಡಿಯುತ್ತಿತ್ತು. ಅವಸರವಿರಲಿಲ್ಲ, ವೇಗ ಅವಳು ಗುಡ್ಡ ಹತ್ತಿಸಿದಾಗಿನಷ್ಟೇ ಇತ್ತು, ಆದರೆ ಕಾರು ಒಂದು ತಿರುವಿನಿಂದ ಇನ್ನೊಂದಕ್ಕೆ ನೀರು ಹರಿದಂತೆ ಇಳಿಯುತ್ತಿತ್ತು. ಎರಡು ತಿರುವಿನ ನಡುವೆ ಅವನು ಸಣ್ಣದಾಗಿ ತನಗೇ ಹೇಳಿಕೊಳ್ಳುತ್ತಿದ್ದ: ಹೂಂ. ಹೂಂ, ಹಂಗೆ. ಹತ್ತೊಂಬತ್ತರ ತಮ್ಮ ಖಾಲಿ ಬಯಲಿನ ಕಂಬಗಳ ನಡುವೆ ಹೀಗೆ ಹೋಗುತ್ತಿದ್ದನೇನೋ. ಅವನ ಆ ಓಟವನ್ನು ಅವಳು ಯಾವತ್ತೂ ನೋಡಿರಲಿಲ್ಲ, ಯಾಕೆಂದರೆ ಅದು ನಡೆದೇ ಇರಲಿಲ್ಲ. ನಡೆಯದೇ ಹೋದದ್ದಕ್ಕೂ ನೆನಪು ಇರಬಹುದು ಎಂದು ಅವಳಿಗೆ ಆಗ ಗೊತ್ತಾಯಿತು.

ಗುಡ್ಡದ ಬುಡದಲ್ಲಿ ಊರಿನ ಮೊದಲ ಸಿಗ್ನಲ್ ಕೆಂಪಾಗಿತ್ತು. ಕಾರು ನಿಂತಿತು. ಕೆಲಸವಿಲ್ಲದೆ ಹೋದ ಬಲಗೈ ಸ್ಟಿಯರಿಂಗಿನಿಂದ ತೊಡೆಗೆ ಇಳಿದು, ಅಲ್ಲಿ ಮತ್ತೆ ಶುರುವಾಯಿತು. ಅವನು ಅದನ್ನು ಜೇಬಿಗೆ ಹಾಕಲಿಲ್ಲ, ಮಂಡಿಗಳ ನಡುವೆ ಸಿಕ್ಕಿಸಲಿಲ್ಲ. ಅವಳ ಕೈ ತಾನಾಗಿ ಮೇಲೆದ್ದಿತು. ದಿನವೂ ನೂರು ಕೈ ಹಿಡಿದು ಅಲುಗದಂತೆ ಮಾಡುವ ಕೈ ಅದು, ಅದಕ್ಕೆ ಬೇರೆ ಏನೂ ತಿಳಿಯುತ್ತಿರಲಿಲ್ಲ.

"ಹಿಡೀಬೇಡ ಅಕ್ಕ" ಎಂದ ತಮ್ಮ ಮೆತ್ತಗೆ. "ಇರ್ಲಿ ಬಿಡು."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಇಬ್ಬರೂ ಆ ಕೈಯನ್ನು, ದಾರಿ ಕೇಳಿಕೊಂಡು ಬಂದು ಹತ್ತಿ ಕೂತ ಮೂರನೆಯವರೊಬ್ಬರನ್ನು ನೋಡುವಂತೆ, ಸ್ವಲ್ಪ ಹೊತ್ತು ನೋಡಿದರು. ಅಷ್ಟರಲ್ಲಿ ಅವಳ ಚೀಲದಲ್ಲಿ ಫೋನ್ ಸದ್ದು ಮಾಡಿತು. ತಮ್ಮನ ಹೆಂಡತಿ. ಎತ್ತಿದರೆ ಆ ಕಡೆಯಿಂದ ತಗ್ಗಿಸಿದ ದನಿ: "ಅಕ್ಕ, ಅವರು ಪಕ್ಕದಲ್ಲಿದ್ರೆ ಹೂಂ ಅನ್ನಿ ಸಾಕು."

"ಪಕ್ಕದಲ್ಲೇ ಇದಾನೆ. ಕಾರು ಓಡಿಸ್ತಿದಾನೆ. ಊಟಕ್ಕೆ ಸ್ವಲ್ಪ ತಡ ಆಗುತ್ತೆ."

ಆ ಕಡೆ ಪಾತ್ರೆಗಳ ಸದ್ದು, ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ತಮ್ಮ ಫೋನಿನ ಕಡೆಗೆ ತುಸು ವಾಲಿ, ಅಂಗಡಿಯ ಗಿರಾಕಿಗೆ ಹೇಳುವಷ್ಟೇ ಸಾದಾ ದನಿಯಲ್ಲಿ ಹೇಳಿದ:

"ನಾಳೆ ಅಕ್ಕನ ಜೊತೆ ಆಸ್ಪತ್ರೆಗೆ ಹೋಗ್ತಿದೀನಿ. ನೀನೂ ಬರ್ತೀಯಾ?"

ಫೋನಿನ ಆ ಕಡೆ ರೇಡಿಯೋ ಆರಿತು. ಕುರ್ಚಿಯೊಂದನ್ನು ಸರ್ರನೆ ಎಳೆದ ಸದ್ದು, ಆಮೇಲೆ ತಮ್ಮನ ಹೆಂಡತಿ ಅದರ ಮೇಲೆ ಕೂತ ಸದ್ದು.